ಹೊತ್ತವರ ಕಣ್ಣು

(ಧಾರವಾಡ. ನಿವೃತ್ತ ಕನ್ನಡ ಮಾಸ್ತರರು, ಮತ್ತು ಅವರ ಹಳೆಯ ವಿದ್ಯಾರ್ಥಿನಿ ಗಿರಿಜಾ. ಆಕೆ ಈಗ ಬ್ಯಾಂಕಿನ ಸಾಲ ವಿಭಾಗದಲ್ಲಿ ಅಧಿಕಾರಿ. ಮಾತು ದ.ರಾ. ಬೇಂದ್ರೆಯವರ (1896–1981) ‘ಕುರುಡು ಕಾಂಚಾಣ’ ಕವಿತೆಯತ್ತ ಹೊರಳಿದೆ.)

ಗಿರಿಜಾ: ಸರ್, ಬೇಂದ್ರೆಯವರ ಮ್ಯಾಲೆ ನನ್ನದೊಂದು ತಕರಾರದ. ರೊಕ್ಕ ಕುರುಡು ಅಂದಾರ. ನಾ ದಿನಾ ನೋಡೂ ರೊಕ್ಕಕ್ಕ ಹದ್ದಿನ ಕಣ್ಣವ. ಹೊಲದ ಉತಾರ ನೋಡ್ತದ, ಜಾಮೀನು ನೋಡ್ತದ, ಪಗಾರದ ಚೀಟಿ ನೋಡ್ತದ. ಹೊಲ ಇದ್ದಾಂವಗ ಸಾಲ, ಇಲ್ಲದಾಂವಗ ಬಾಗಲಾ.

ಮಾಸ್ತರು: ಅದು ನೋಡೂದು ಬರೇ ಕಾಗದ. ಹಿಂದ ನಿಂತ ಮನಶ್ಯಾನ ಮಾರಿ ಕಾಣ್ತದೇನು?

ಗಿರಿಜಾ: ಇದು ಮಾತಿನ ಚಮತ್ಕಾರ ಆತ್ರಿ. ವಾದ ಇದ್ರ ಎದುರು ವಾದ ಹೂಡಬಹುದು. ಪ್ರತಿಮೆಗೆ ಏನಂತ ಉತ್ತರ ಕೊಡ್ಲಿ? ಕುಣಿತದ ಗತ್ತಿನಾಗ ಸುಳ್ಳೂ ಖರೆ ಅನಸ್ತದ. ‘ಕ್ರೂರ’ ಅಂದಿದ್ರೂ ತಲಿ ದೂಗತಿದ್ವಿ.

ಮಾಸ್ತರು: ಹಂಗಾದ್ರ ಆ ಶಬ್ದ ಇಟ್ಟ ನೋಡೋಣು. ಕ್ರೂರ ಅಂದ್ರ ಅದಕ್ಕ ಮನಸು ಬಂತು, ಹಗಿ ಬಂತು. ರಾಕ್ಷಸ ಆತು, ಕೊಂದ್ರ ಕತಿ ಮುಗೀತು. ಕುರುಡು ಅಂದ್ಕೂಡ್ಲೆ ಹಗಿ ಮಾಯ. ಶರಣು ಬಂದಾವರನ್ನೂ ಮೆಟ್ಟತದ, ಸಿಟ್ಟಿಲ್ಲದನ. ಯಾರನ್ನ ಹೊಣಿ ಮಾಡೋಣ ಅನ್ನೂ ಪ್ರಶ್ನಿನ ಬದಲಾತು.

ಗಿರಿಜಾ: ಅದಕ್ಕ ನನ್ನ ಸಿಟ್ಟು. ಯಾರೂ ಹೊಣಿ ಅಲ್ಲ ಅಂದ್ರ ಸುಲಿಯಾಂವ ಆರಾಮ ಪಾರಾದ.

ಮಾಸ್ತರು: ತಡಿ. ಪ್ರತಿಮೆಗೂ ಪರೀಕ್ಷಾ ಅದ: ಕಡೀತನಕಾ ಅದರ ಬೆನ್ನಹತ್ತಬೇಕು. ಈ ಕುರುಡು ದೇವಿ ಗೊಂದಲ ಹಾಕಾವರ ವೇಷದಾಗ ಬರ್ತದ. ಕಾಲಾಗ ಗೆಜ್ಜಿ, ಕೊರಳಾಗ ಕವಡಿ ಸರ, ಕೈಯಾಗ ಪಂಜು, ಹಣಿಗೆ ಭಂಡಾರ.

ಗಿರಿಜಾ: ಎಲ್ಲಮ್ಮನ ಗುಡ್ಡದಾಗ ಕಂಡದ್ದ ಎಲ್ಲಾ.

ಮಾಸ್ತರು: ಹೌದು, ಕಂಡ್ರ ಕೈ ಮುಗಿಯೂ ಸಾಮಾನು. ಈಗ ಅವನ್ನ ಯಾತರಲೆ ಮಾಡ್ಯಾರ ನೋಡು. ಗೆಜ್ಜಿ ಬಾಣಂತಿ ಎಲುಬಿನವು. ಪಂಜು ಉರಿಯೂದು ಹಸಿದವರ ಹೊಟ್ಟಿ ಬೆಂಕಿಲೆ. ಭಂಡಾರ ಅಂದ್ರ ಕೂಲಿಯವರ ಚರ್ಮದ ಧೂಳು. ಕವಡಿ?

ಗಿರಿಜಾ: ಕೂಸುಗಳ ಕಣ್ಣು.

ಮಾಸ್ತರು: ತನಗ ಕಣ್ಣಿಲ್ಲ, ಕೂಸಿನ ಕಣ್ಣು ಕೊರಳಿಗೆ ಹಾಕ್ಕೊಂಡದ. ಅವು ಅದಕ್ಕೂ ಉಪಯೋಗಿಲ್ಲ, ಕೂಸಿಗೂ ಉಳೀಲಿಲ್ಲ. ಬರೇ ಶೃಂಗಾರ. ತಮ್ಮ ಮಕ್ಕಳನ್ನೂ ಕಳಕೊಂಡ ಕವಿ ಇದನ್ನ ಬರದಾರ. ‘ಬಂಡವಾಳ ಬಡವರನ್ನ ಹೀರತದ’ ಅಂತ ಗದ್ಯದಾಗ ಬರದ್ರ ಒಪ್ಪಿ ಮುಂದಿನ ಪುಟಕ್ಕ ಹೋಗ್ತೀವಿ. ಇಲ್ಲಿ ಮದಲ ಕೈ ಮುಗೀತೀವಿ, ಯಾತಕ್ಕ ಮುಗದ್ವಿ ಅನ್ನೂದು ಆಮ್ಯಾಲೆ ತಿಳೀತದ.

ಗಿರಿಜಾ: ಅಂದ್ರ ಭಕ್ತರಿಗೂ ಪಾಪದಾಗ ಪಾಲದ.

ಮಾಸ್ತರು: ಬರೇ ಭಕ್ತರಿಗೇನ? ಗುಡಿ, ಮಹಡಿ, ಅಂಗಡಿ, ಮೂರಕ್ಕೂ ಬ್ಯಾರೆ ಬ್ಯಾರೆ ನಾದ ಕೊಟ್ಟಾರ. ಕಿವಿಗೆ ಮೂರು, ಕುಣಿತ ಒಂದ.

ಗಿರಿಜಾ: ಆದ್ರೂ ನನ್ನ ತಕರಾರು ಹಂಗ ಉಳೀತ್ರಿ. ಕುರುಡಿದ್ರ ಉಳ್ಳವರ ಮನಿಗೇ ಯಾಕ ಹೋಗ್ತದ?

ಮಾಸ್ತರು: ಕವಿತಾ ಹೆಂಗ ಮುಗೀತದ?

ಗಿರಿಜಾ: ಕುಣಿದು ಸೋತು ನೆಲಕ್ಕ ಉರುಳತದ. ಆಮ್ಯಾಲೆ ಹೆಗಲಿಗೆ ಎತ್ತೂ ಮಾತು ಬರ್ತದ... ಅಲ್ಲೇ ಅದ ನೋಡ್ರಿ! ಎತ್ತಾವರು ಕುರುಡರಲ್ಲ. ಯಾರ ಮನಿಗೆ ಒಯ್ಯಬೇಕು ಅನ್ನೂದನ್ನ ಹೊತ್ತವರ ಕಣ್ಣು ಗೊತ್ತು ಮಾಡ್ತದ. ಉತಾರ ನೋಡೂ ಕಣ್ಣು ನನ್ನವ.

ಮಾಸ್ತರು: ಹೆಣಾ ಎತ್ತೂದೂ ಹೆಗಲ ಮ್ಯಾಲೇನ. ಸತ್ತಿತು, ಹೊರ್ರಿ ಅಂತನೂ ಓದಬಹುದಲಾ?

ಗಿರಿಜಾ: ಓದಬಹುದು. ದೇವರಿರ್ಲಿ, ಹೆಣ ಇರ್ಲಿ, ಹೊರಾಕ ಹೆಗಲು ಬೇಕ. ಯಾರ ಹೆಗಲು ಅಂತ ಕವಿ ಹೇಳಿಲ್ಲ, ನಮಗ ಬಿಟ್ಟಾರ. ‘ಕ್ರೂರ’ ಅಂದಿದ್ರ ನಾ ಹೊರಗ ನಿಂತು ಬಯ್ಕೋತ ಇರ್ತಿದ್ದೆ.

ಮಾಸ್ತರು: ನಾಳೆ ಮೇಜಿನ ಮುಂದ ಕೂತಾಗ ‘ನಿಯಮ ಹಂಗದ, ನಾ ಏನ್ ಮಾಡ್ಲಿ’ ಅಂತೀಯಲ್ಲ?

ಗಿರಿಜಾ: ಅಂತೀನ್ರಿ. ನಿಯಮಕ್ಕೂ ಕಣ್ಣಿಲ್ಲ. ಆದ್ರ ಬರದಾವರಿಗೆ ಇದ್ವು, ಸಹಿ ಹಾಕಾಕಿಗೂ ಅವ.