ಮೇಲಂಗಿ ತಂದುಕೊಡುವವರು ಯಾರು?

ಯುವಜನರ ಆರಾಧನೆಯ ಸಂದೇಶ
ವಾಕ್ಯಭಾಗ: 2 ತಿಮೊಥೆಯ 4:9–21

ಕೂತ್ಕೊಳ್ಳಿ. ಬೈಬಲ್ ತಂದಿರೋರು ಬೈಬಲ್ ತೆಗೀರಿ. ಮೊಬೈಲಲ್ಲಿ ಓದೋರು ಬೈಬಲ್ ಆಪ್ ತೆಗೀರಿ, ವಾಟ್ಸಾಪ್ ಬೇಡ. ವಾಟ್ಸಾಪ್ ಯಾವಾಗ ತೆಗೀಬೇಕು ಅಂತ ಕೊನೆಯಲ್ಲಿ ನಾನೇ ಹೇಳ್ತೀನಿ.

ಕಳೆದ ತಿಂಗಳು ಸೆಲ್ ಗ್ರೂಪ್ ಮುಗಿದ ಮೇಲೆ ನಮ್ಮ ಒಬ್ಬ ಬ್ರದರ್ ಲ್ಯಾಪ್‌ಟಾಪ್ ತೆಗೆದು ಒಂದು ಎಕ್ಸೆಲ್ ಶೀಟ್ ತೋರಿಸಿದ್ರು. ವಯಸ್ಸು 29. ಶೀಟಿನ ಹೆಸರು "ಫ್ರೀಡಂ". ಐವತ್ತಕ್ಕೆ ಕೆಲಸ ಬಿಡೋದು, ಥಾಯ್ಲೆಂಡಿನ ಚಿಯಾಂಗ್ ಮಾಯ್ ಊರಲ್ಲಿ ಒಂದು ಪುಟ್ಟ ಮನೆ ಬಾಡಿಗೆಗೆ ಹಿಡಿಯೋದು, ತಿಂಗಳಿಗೆ ಇಷ್ಟು ಅಂತ ಬರೋ ದುಡ್ಡಲ್ಲಿ ನೆಮ್ಮದಿಯಾಗಿ ಇರೋದು. ಬಾಡಿಗೆ, ಕರೆಂಟು, ಊಟ, ಇನ್ಶೂರೆನ್ಸ್, ದಶಮಾಂಶ ಎಲ್ಲಕ್ಕೂ ಒಂದೊಂದು ಸಾಲು. ದಶಮಾಂಶ ನೋಡಿ ನನಗೆ ಖುಷಿ ಆಯ್ತು. ಆಮೆನ್?

"ಪಾಸ್ಟರ್, ಇದರಲ್ಲಿ ಏನಾದ್ರೂ ತಪ್ಪಿದೆಯಾ?" ಅಂತ ಕೇಳಿದ್ರು. ಲೆಕ್ಕದಲ್ಲಿ ತಪ್ಪಿಲ್ಲ, ಒಂದು ಸಾಲು ಬಿಟ್ಟು ಹೋಗಿದೆ ಅಂದೆ. ಯಾವ ಸಾಲು ಅಂತ ಆವತ್ತು ಹೇಳಲಿಲ್ಲ. ಹೇಳೋಕೆ ನನ್ನ ಒಂದು ತಪ್ಪನ್ನೂ ಹೇಳ್ಬೇಕಿತ್ತು. ಇವತ್ತು ಹೇಳ್ತೀನಿ.

ಮೊದಲು ಒಂದು ಮಾತು. ಮುಂದಿನ ದಿನಗಳಿಗೆ ಲೆಕ್ಕ ಹಾಕೋದು ಅವಿಶ್ವಾಸ ಅಲ್ಲ. "ಎಲ್ಲಾ ಕರ್ತನು ನೋಡ್ಕೋತಾನೆ, ಸೇವಿಂಗ್ಸ್ ಯಾಕೆ?" ಅನ್ನೋರು ಇದ್ದಾರೆ. ಆದಿಕಾಂಡ 41 ಓದಿ. ಯೋಸೇಫ ಏಳು ಸಮೃದ್ಧಿಯ ವರ್ಷಗಳಲ್ಲಿ ಬೆಳೆಯ ಐದರಲ್ಲೊಂದು ಪಾಲು ಕೂಡಿಡಿಸಿದ. ಕನಸಿನ ಅರ್ಥ ಹೇಳಿದ ಅದೇ ಆತ್ಮ ಕಣಜ ಕಟ್ಟೋ ಬುದ್ಧಿಯನ್ನೂ ಕೊಟ್ಟಿತು. ಹಲ್ಲೆಲೂಯಾ!

ಈಗ ಚಿಯಾಂಗ್ ಮಾಯ್ ವಿಷಯಕ್ಕೆ ಬರ್ತೀನಿ. 2019ರ ನವೆಂಬರಿನಲ್ಲಿ ಹತ್ತು ದಿನದ ಮಿಷನ್ ಟ್ರಿಪ್‌ಗೆ ನಾನು ಅದೇ ಊರಿಗೆ ಹೋಗಿದ್ದೆ. ಬೆಟ್ಟಗಳ ಮಧ್ಯೆ ಇರೋ ಚಂದದ ಊರು. ಬೆಂಗಳೂರನ್ನ ಹಿಂದೆ ಪಿಂಚಣಿದಾರರ ಸ್ವರ್ಗ ಅಂತಿದ್ರಲ್ಲ, ಆ ತರಹ ವಿದೇಶದ ನಿವೃತ್ತರು ಬಂದು ನೆಲೆಸೋ ಜಾಗ. ನಾವು ಇಳಿದುಕೊಂಡಿದ್ದ ಬೀದಿಯ ಒಂದು ಚಿಕ್ಕ ಸಭೆಯಲ್ಲಿ ಇಂಗ್ಲೆಂಡಿನ ಒಬ್ಬ ಅಂಕಲ್ ಸಿಕ್ಕರು. ವಯಸ್ಸು 78. ಊರಲ್ಲಿ ಬಸ್ ಓಡಿಸ್ತಾ ಇದ್ದೋರು. ಹೆಂಡತಿ ತೀರಿಕೊಂಡಿದ್ರು, ಮಕ್ಕಳಿಲ್ಲ. 2006ರಲ್ಲಿ, 65ಕ್ಕೆ ಪಿಂಚಣಿ ಶುರುವಾದ ಕೂಡಲೇ ಒಬ್ಬರೇ ಇಲ್ಲಿಗೆ ಬಂದುಬಿಟ್ಟಿದ್ರು.

ಅವರು ತಮ್ಮ ಲೆಕ್ಕದ ಪುಸ್ತಕ ತೆಗೆದು ನನಗೆ ತೋರಿಸಿದ್ರು. ಅಲ್ಲಿ ಎಕ್ಸೆಲ್ ಇಲ್ಲ, ಪೆನ್ಸಿಲ್ಲು. ಆ ವರ್ಷ ಬ್ರಿಟನ್ನಿನ ಮೂಲ ಸರ್ಕಾರಿ ಪಿಂಚಣಿ ವಾರಕ್ಕೆ 84.25 ಪೌಂಡ್. ಆಗ ಒಂದು ಪೌಂಡಿಗೆ ಸುಮಾರು 70 ಬಾತ್ ಸಿಗ್ತಿತ್ತು. ಅಂದ್ರೆ ವಾರಕ್ಕೆ ಹತ್ತಿರಹತ್ತಿರ 5,900 ಬಾತ್. ಜೊತೆಗೆ ಕಂಪನಿಯ ಸಣ್ಣ ಪಿಂಚಣಿ. ಒಬ್ಬ ಮನುಷ್ಯನಿಗೆ ಸಾಕು.

ಆದರೆ ಬ್ರಿಟನ್ನಿನಲ್ಲಿ ಒಂದು ನಿಯಮ ಇದೆ. ಪಿಂಚಣಿ ಪ್ರತಿ ವರ್ಷ ಏರುತ್ತೆ, ಆದರೆ ಕೆಲವು ದೇಶಗಳಲ್ಲಿ ಇರೋರಿಗೆ ಏರೋದಿಲ್ಲ. ಆ ದೇಶಕ್ಕೆ ಹೋದ ದಿನ ಎಷ್ಟಿತ್ತೋ ಅಷ್ಟೇ. ಥಾಯ್ಲೆಂಡ್ ಆ ಪಟ್ಟಿಯಲ್ಲಿದೆ, ನಮ್ಮ ಭಾರತವೂ ಇದೆ. 2019ಕ್ಕೆ ಊರಲ್ಲಿದ್ದ ಗೆಳೆಯರಿಗೆ ಅದೇ ಪಿಂಚಣಿ 129.20 ಪೌಂಡ್ ಆಗಿತ್ತು. ಅಂಕಲ್‌ಗೆ ಮಾತ್ರ 84.25. ಅಷ್ಟರಲ್ಲಿ ಪೌಂಡ್ ಕೂಡ ಬಿದ್ದು 40 ಬಾತಿನ ಹತ್ತಿರ ಬಂದಿತ್ತು. ವಾರಕ್ಕೆ 5,900 ಇದ್ದದ್ದು 3,400ಕ್ಕೂ ಕಡಿಮೆ. ಬೆಲೆಗಳೇನು ಕಡಿಮೆ ಆಗಲಿಲ್ಲ.

ಇನ್ನು ವೀಸಾ. ಅಲ್ಲಿ ನಿವೃತ್ತರಾಗಿ ಇರೋಕೆ 50 ವರ್ಷ ಆಗಿರಬೇಕು. ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು, ಇಲ್ಲದಿದ್ರೆ ಥಾಯ್ ಬ್ಯಾಂಕಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು. ಇವತ್ತಿನ ಲೆಕ್ಕದಲ್ಲಿ ಅದು 20 ಲಕ್ಷ ರೂಪಾಯಿಗೂ ಮೇಲೆ. ಪ್ರತಿ ವರ್ಷ ನವೀಕರಣ, 90 ದಿನಕ್ಕೊಮ್ಮೆ ವಿಳಾಸದ ವರದಿ. 2019ರಿಂದ ನಿಯಮ ಇನ್ನೂ ಬಿಗಿಯಾಯ್ತು. ನವೀಕರಣದ ನಂತರ ಮೂರು ತಿಂಗಳು ಆ 8 ಲಕ್ಷ ಮುಟ್ಟೋ ಹಾಗಿಲ್ಲ, ಆಮೇಲೂ 4 ಲಕ್ಷಕ್ಕಿಂತ ಕೆಳಗೆ ಇಳಿಯೋ ಹಾಗಿಲ್ಲ. ಅಂಕಲ್ ನಕ್ಕು ಹೇಳಿದ್ರು: "ಪಾಸ್ಟರ್, ಬ್ಯಾಂಕಲ್ಲಿ ದುಡ್ಡಿದೆ. ಕಾಯಿಲೆ ಬಂದ್ರೆ ನೋಡಿ ಸಮಾಧಾನ ಪಟ್ಕೋಬಹುದು."

ಹೊರಡೋ ದಿನ ಅವರು ನನ್ನ ಕೈ ಹಿಡ್ಕೊಂಡು, ಆಗಾಗ ಫೋನ್ ಮಾಡಿ ಅಂದ್ರು. ನಾನು ಜೋರಾಗಿ, "ಅಂಕಲ್, ಪ್ರತಿ ಭಾನುವಾರ ಮಾಡ್ತೀನಿ" ಅಂದೆ. ಈ ಮಾತು ನೆನಪಿಟ್ಟುಕೊಳ್ಳಿ. ಈಗ ವಾಕ್ಯಕ್ಕೆ ಹೋಗೋಣ.

ಎರಡನೇ ತಿಮೊಥೆಯ ಪತ್ರಿಕೆಯ ನಾಲ್ಕನೇ ಅಧ್ಯಾಯ. ಪೌಲನು ರೋಮಾಪುರದ ಸೆರೆಯಲ್ಲಿದ್ದಾನೆ. ವಯಸ್ಸಾಗಿದೆ. ಪರದೇಶ. ಹೆಂಡತಿ ಮಕ್ಕಳಿಲ್ಲ. ಅಪೊಸ್ತಲರ ಕೃತ್ಯಗಳು 28ರಲ್ಲಿ ಅವನು ಇದೇ ಊರಲ್ಲಿ ಬಾಡಿಗೆ ಮನೆ ಮಾಡಿಕೊಂಡು, ಬಂದವರನ್ನೆಲ್ಲ ಬರಮಾಡಿಕೊಳ್ತಾ ಎರಡು ವರ್ಷ ಇದ್ದ. ಈ ಪತ್ರ ಬರೆಯೋ ಹೊತ್ತಿಗೆ ಸಂಕೋಲೆ. ದೇಮ ಈ ಲೋಕದ ಮೇಲೆ ಆಸೆಪಟ್ಟು ಬಿಟ್ಟು ಹೋದ. ಬೇರೆಯವರು ಬೇರೆ ಊರುಗಳಿಗೆ ಹೋಗಿದ್ದಾರೆ. ಜೊತೆಗಾರರಲ್ಲಿ ಉಳಿದಿರೋದು ಲೂಕ ಒಬ್ಬನೇ.

13ನೇ ವಚನದಲ್ಲಿ ಅವನು ಏನು ಕೇಳ್ತಾನೆ ನೋಡಿ. ತ್ರೋವದಲ್ಲಿ ಕರ್ಪನ ಮನೇಲಿ ನನ್ನ ಮೇಲಂಗಿ ಬಿಟ್ಟು ಬಂದಿದ್ದೀನಿ, ಬರುವಾಗ ತಗೊಂಡು ಬಾ, ಪುಸ್ತಕಗಳನ್ನೂ ತಾ ಅಂತಾನೆ. 21ನೇ ವಚನದಲ್ಲಿ, ಚಳಿಗಾಲ ಶುರುವಾಗೋಕೆ ಮುಂಚೆ ಬರೋಕೆ ನೋಡು ಅಂತಾನೆ. ಯಾಕೆ ಆ ಅವಸರ? ಆ ಕಾಲದಲ್ಲಿ ಚಳಿಗಾಲ ಬಂತು ಅಂದ್ರೆ ಮೆಡಿಟರೇನಿಯನ್ ಸಮುದ್ರದಲ್ಲಿ ಹಡಗುಗಳ ಓಡಾಟ ನಿಂತೇ ಹೋಗ್ತಿತ್ತು. ತಿಮೊಥೆಯ ತಡ ಮಾಡಿದ್ರೆ ವಸಂತಕಾಲದವರೆಗೆ ಬರೋಕಾಗಲ್ಲ. ಅಲ್ಲಿವರೆಗೆ ಪೌಲ ಇರ್ತಾನೋ ಇಲ್ವೋ.

ಮೂರನೇ ಆಕಾಶದವರೆಗೂ ಎತ್ತಲ್ಪಟ್ಟ ಮನುಷ್ಯ. ಅವನ ಮೈಮೇಲಿನ ವಸ್ತ್ರಗಳನ್ನ ರೋಗಿಗಳ ಮೇಲೆ ಹಾಕಿದಾಗ ಅವರು ವಾಸಿಯಾದರು. ಅಂಥ ಅಪೊಸ್ತಲ ಈಗ, "ತಮ್ಮಾ, ಚಳಿ ಆಗ್ತಿದೆ, ನನ್ನ ಅಂಗಿ ತಾ" ಅಂತ ಕೇಳ್ತಿದ್ದಾನೆ. ಅವನಿಗೆ ನಾಚಿಕೆ ಆಗಲಿಲ್ಲ. ನಮಗೆ ಆಗುತ್ತೆ!

ನಮ್ಮ ಪೆಂಟೆಕೋಸ್ಟಲ್ ಜನರ ಒಂದು ಅಭ್ಯಾಸ ಇದೆ. ಒಂಟಿತನ ಅಂದ ತಕ್ಷಣ, "ಬ್ರದರ್, ಯೇಸು ಇದ್ದಾನಲ್ಲ!" ಅಂದುಬಿಡ್ತೀವಿ. ಇದ್ದಾನೆ, ಸತ್ಯ. 16, 17ನೇ ವಚನದಲ್ಲಿ ಪೌಲನೇ ಸಾಕ್ಷಿ ಕೊಡ್ತಾನೆ: ಮೊದಲನೇ ವಿಚಾರಣೆಯಲ್ಲಿ ಒಬ್ಬರೂ ಬರಲಿಲ್ಲ, ಕರ್ತನು ಮಾತ್ರ ಪಕ್ಕದಲ್ಲಿ ನಿಂತು ಬಲ ಕೊಟ್ಟ. ಹಲ್ಲೆಲೂಯಾ! ಆದರೆ ಅದನ್ನ ಬರೆದ ಅದೇ ಕೈ ಮೇಲಂಗಿಯನ್ನೂ ಕೇಳ್ತು. ಕರ್ತನು ಪಕ್ಕದಲ್ಲಿ ನಿಂತಿದ್ದಾನೆ ಅನ್ನೋದು ನಿಜ, ತಿಮೊಥೆಯ ಬೇಕು ಅನ್ನೋದೂ ನಿಜ. ಒಂದನ್ನ ಹೇಳಿ ಇನ್ನೊಂದನ್ನ ಬಿಟ್ಟರೆ ನಾವು ಅರ್ಧ ವಾಕ್ಯ ಬೋಧಿಸ್ತಿದ್ದೀವಿ. ಪಕ್ಕದವರಿಗೆ ಹೇಳಿ: "ನನಗೂ ಚಳಿ ಆಗುತ್ತೆ."

ಈಗ ನನ್ನ ತಪ್ಪು. ಮೂರು ಭಾನುವಾರ ಅಂಕಲ್‌ಗೆ ಫೋನ್ ಮಾಡಿದೆ. ನಾಲ್ಕನೆಯದು ಕ್ರಿಸ್‌ಮಸ್ ಪ್ರೋಗ್ರಾಂ ಪ್ರಾಕ್ಟೀಸು, ಆಗಲಿಲ್ಲ. ಆಮೇಲೆ ಹೊಸ ವರ್ಷದ ಉಪವಾಸ ಪ್ರಾರ್ಥನೆ. ಆಮೇಲೆ 2020ರ ಲಾಕ್‌ಡೌನ್. ಜುಲೈನಲ್ಲಿ ಒಂದು ದಿನ ಅವರಿಂದ ಮೆಸೇಜ್ ಬಂತು. "ಬಿಡುವಾದಾಗ ಫೋನ್ ಮಾಡ್ತೀರಾ?" ಅಷ್ಟೇ. ನಾನು ಆನ್‌ಲೈನ್ ಮೀಟಿಂಗ್‌ನಲ್ಲಿದ್ದೆ. ಕೈಮುಗಿದಿರೋ ಒಂದು ಎಮೋಜಿ ಹಾಕಿ, ಆಮೇಲೆ ಮಾಡ್ತೀನಿ ಅಂದುಕೊಂಡೆ. ಮಾಡಲಿಲ್ಲ.

ಎರಡು ತಿಂಗಳಾದ ಮೇಲೆ ಅಲ್ಲಿನ ಪಾಸ್ಟರ್ ಹೇಳಿ ಗೊತ್ತಾಯ್ತು. ಆ ಮೆಸೇಜನ್ನ ಅಂಕಲ್ ಆಸ್ಪತ್ರೆ ಹಾಸಿಗೆಯಿಂದ ಕಳಿಸಿದ್ರು. ಬಚ್ಚಲಲ್ಲಿ ಜಾರಿ ಬಿದ್ದು ತೊಡೆಮೂಳೆ ಮುರಿದಿತ್ತು. ಒಂದು ರಾತ್ರಿ ಪೂರ್ತಿ ನೆಲದ ಮೇಲೇ ಇದ್ರು. ಅವರನ್ನ ಕಂಡುಹಿಡಿದಿದ್ದು ಯಾರು ಗೊತ್ತಾ? ಬ್ಯಾಂಕಿನವರಲ್ಲ, ವೀಸಾ ಆಫೀಸಿನವರಲ್ಲ, ಪ್ರತಿ ಭಾನುವಾರ ಫೋನ್ ಮಾಡ್ತೀನಿ ಅಂದ ಈ ಪಾಸ್ಟರೂ ಅಲ್ಲ. ಬೀದಿ ಮೂಲೆಯಲ್ಲಿ ಅಕ್ಕಿ ಗಂಜಿ ಮಾರೋ ಒಬ್ಬ ಅಮ್ಮ. ಅಂಕಲ್ ದಿನಾ ಬೆಳಿಗ್ಗೆ ಅವರ ಹತ್ತಿರ ಗಂಜಿ ಕುಡೀತಿದ್ರು, ಅರ್ಧಂಬರ್ಧ ಥಾಯ್ ಭಾಷೆಯಲ್ಲಿ ಅವರ ಮಕ್ಕಳ ಪರೀಕ್ಷೆ ಬಗ್ಗೆ ವಿಚಾರಿಸ್ತಿದ್ರು. ಆವತ್ತು ಏಳೂವರೆ ಆದ್ರೂ ಬರಲಿಲ್ಲ ಅಂತ ಆ ಅಮ್ಮ ಒಲೆ ಆರಿಸಿ, ಹೋಗಿ ಬಾಗಿಲು ಬಡಿದರು.

ಆಸ್ಪತ್ರೆ ಬಿಲ್ಲಿಗೆ ಕೊನೆಗೆ ಆ ಮುಟ್ಟಬಾರದ ಠೇವಣಿಗೇ ಕೈ ಹಾಕಬೇಕಾಯ್ತು. ಅಲ್ಲಿನ ಸಭೆಯವರು, ಅವರ ಹಳೆಯ ಬಸ್ ಡಿಪೋ ಗೆಳೆಯರು ಸೇರಿ ಅದನ್ನ ಮತ್ತೆ ತುಂಬಿಸಿದ್ರು. ನಾನು ಅಳ್ತಾ ಫೋನ್ ಮಾಡಿ ಕ್ಷಮೆ ಕೇಳಿದಾಗ ಅಂಕಲ್ ಬೈಯಲಿಲ್ಲ. "ನನ್ನ ಪುಸ್ತಕದಲ್ಲಿ ಎಲ್ಲಾ ಬರೆದಿದ್ದೆ, ಗಂಜಿ ಅಮ್ಮನ ಹೆಸರು ಬರೆದಿರಲಿಲ್ಲ" ಅಂದ್ರು. 2022ರಲ್ಲಿ ಅವರು ಕರ್ತನ ಬಳಿಗೆ ಹೋದರು. ಅಂತ್ಯಕ್ರಿಯೆಯ ಆರಾಧನೆಯಲ್ಲಿ, ಬೌದ್ಧ ಧರ್ಮದ ಆ ಅಮ್ಮ ಮುಂದಿನ ಸಾಲಲ್ಲಿ ಕೂತಿದ್ರು ಅಂತ ಅಲ್ಲಿನ ಪಾಸ್ಟರ್ ಹೇಳಿದ್ರು. ಆ ಎರಡು ವರ್ಷ ಭಾನುವಾರದ ಫೋನು ನಾನು ತಪ್ಪಿಸಲಿಲ್ಲ. ಆದರೆ ಆ ಜುಲೈ ತಿಂಗಳು ನನಗೆ ವಾಪಸ್ ಸಿಗಲಿಲ್ಲ.

ಬ್ರದರ್, ಬಿಟ್ಟು ಹೋದ ಸಾಲು ಅದೇ. ನಾನು ಒಂದು ಬೆಳಿಗ್ಗೆ ಕಾಣದಿದ್ರೆ, ಎಷ್ಟು ಗಂಟೆಗೆ, ಯಾರಿಗೆ ಗೊತ್ತಾಗುತ್ತೆ?

ಹಾಗಾದ್ರೆ ವಿದೇಶಕ್ಕೆ ಹೋಗಲೇಬಾರದಾ? ವಾಕ್ಯ ಹಾಗೆ ಹೇಳಲ್ಲ. 2 ಸಮುವೇಲ 19ರಲ್ಲಿ ಬರ್ಜಿಲ್ಲೈ ಅನ್ನೋ 80 ವರ್ಷದ ಮುದುಕನನ್ನ ದಾವೀದ ಅರಸ, ಯೆರೂಸಲೇಮಿಗೆ ಬಾ, ನಾನು ಸಾಕ್ತೀನಿ ಅಂತ ಕರೀತಾನೆ. ಅವನು ಬರಲ್ಲ ಅಂತಾನೆ, ಅಪ್ಪ ಅಮ್ಮನ ಸಮಾಧಿ ಇರೋ ಊರಲ್ಲೇ ಸಾಯ್ತೀನಿ ಅಂತಾನೆ. ಪೌಲ ಹೋದ, ಬರ್ಜಿಲ್ಲೈ ಉಳಿದ. ಇಬ್ಬರೂ ತಪ್ಪು ಮಾಡಲಿಲ್ಲ. ಎಲ್ಲಿ ಇರ್ತೀರಿ ಅನ್ನೋದಕ್ಕಿಂತ, ಯಾರ ಜೊತೆ ಇರ್ತೀರಿ ಅನ್ನೋದನ್ನ ಮೊದಲು ಕೇಳ್ಕೊಳ್ಳಿ.

ಮೂರು ಮಾತು ಹೇಳಿ ಮುಗಿಸ್ತೀನಿ.

ಒಂದು. ದೇವರು ನಿಮ್ಮನ್ನ ಹೊರದೇಶಕ್ಕೆ ನಡೆಸಿದ್ರೆ ಹೋಗಿ. ಆದರೆ ಅಲ್ಲಿನ ಭಾಷೆ ಕಲೀರಿ, ಸಭೆ ಸೇರಿ. 21ನೇ ವಚನ ಮತ್ತೆ ನೋಡಿ, ರೋಮಾಪುರದ ಲೀನ, ಕ್ಲೌದ್ಯ ಹೀಗೆ ನಾಲ್ಕು ಜನರ ಹೆಸರು ಹೇಳಿ ಅವರ ವಂದನೆ ಕಳಿಸ್ತಾನೆ. ಪರದೇಶದ ಸೆರೆಯಲ್ಲೂ ಪೌಲನಿಗೆ ಊರಿನವರ ಹೆಸರು ಗೊತ್ತಿತ್ತು. ಉಯಿಲು ಬರೆದಿಡಿ. ಕಾಗದಪತ್ರ ಎಲ್ಲಿದೆ ಅಂತ ಒಬ್ಬರಿಗಾದರೂ ಹೇಳಿಡಿ. ಇದೂ ಆತ್ಮಿಕ ಕೆಲಸವೇ.

ಎರಡು. ಮುಪ್ಪಿನ ಸಂಬಂಧಗಳನ್ನ ಮುಪ್ಪಲ್ಲಿ ಕಟ್ಟೋಕೆ ಆಗಲ್ಲ. ಪೌಲ ತಿಮೊಥೆಯನನ್ನ ಕಂಡಾಗ ಅವನು ಇನ್ನೂ ಹುಡುಗ. ಜೊತೇಲಿ ನಡೆದ, ಕಲಿಸಿದ, ಮಗನೇ ಅಂತ ಕರೆದ. ಅದಕ್ಕೇ ಆಮೇಲೆ ಬಾ ಅನ್ನೋಕೆ ಬಾಯಿ ಬಂತು. ಎಸ್‌ಐಪಿ ಹೇಗೆ ತಿಂಗಳು ತಿಂಗಳು ಹಾಕ್ತೀರೋ ಹಾಗೇ ಜನರಲ್ಲೂ ಹಾಕಿ.

ಮೂರು. ಇದು ನಿಮ್ಮ ಎದೆಗೆ. ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಕೋಲಾರದಲ್ಲಿ, ಹಾಸನದಲ್ಲಿ, ಬೀದರಿನಲ್ಲಿ ಇದ್ದಾರೆ. ಸಣ್ಣ ಪಿಂಚಣಿ, ದೊಡ್ಡ ಖಾಲಿ ಮನೆ. ಬ್ಯಾಂಕಲ್ಲೂ ಆಪು, ಆಸ್ಪತ್ರೆಯಲ್ಲೂ ಟೋಕನ್ನು. ಅವರು ಊರು ಬಿಟ್ಟಿಲ್ಲ, ಆದರೂ ಪರದೇಶದಲ್ಲಿ ಇದ್ದ ಹಾಗೆ ಇದ್ದಾರೆ. ಅವರು ಬಾಯಿಬಿಟ್ಟು ಮೇಲಂಗಿ ಕೇಳಲ್ಲ. "ಊಟ ಆಯ್ತಾ ಮಗಾ?" ಅಂತಾರೆ. ಅದೇ ಅವರ 13ನೇ ವಚನ. ಚಳಿಗಾಲ ಬರೋಕೆ ಮುಂಚೆ ಹೋಗಿ.

ಈಗ ವಾಟ್ಸಾಪ್ ತೆಗೀರಿ. ನಿಜವಾಗಿ, ತೆಗೀರಿ. ನೀವು ಎಮೋಜಿ ಹಾಕಿ ಬಿಟ್ಟಿರೋ ಒಂದು ಮೆಸೇಜ್ ಹುಡುಕಿ. ಅಮ್ಮನದ್ದಿರಬಹುದು, ಹಳೆಯ ಸಂಡೇ ಸ್ಕೂಲ್ ಟೀಚರದ್ದಿರಬಹುದು. ಆರಾಧನೆ ಮುಗಿದ ಕೂಡಲೇ, ಬಿರಿಯಾನಿಗೆ ಮುಂಚೆ, ಅವರಿಗೆ ಫೋನ್ ಮಾಡಿ. ಈ ಸಭೆಯಲ್ಲೇ ಒಂಟಿಯಾಗಿ ಚಳಿಯಲ್ಲಿ ಕೂತಿರೋರು ಯಾರಾದ್ರೂ ಇದ್ರೆ, ನಾಚಿಕೆ ಬೇಡ, ಮುಂದೆ ಬನ್ನಿ. ನಿಮ್ಮ ಜೊತೆ ನಾವು ಪ್ರಾರ್ಥನೆ ಮಾಡ್ತೀವಿ, ನಿಮ್ಮ ನಂಬರನ್ನೂ ತಗೋತೀವಿ.

ಕಣ್ಣು ಮುಚ್ಚೋಣ. ಕರ್ತನೇ, ಎಲ್ಲರೂ ಬಿಟ್ಟು ಹೋದಾಗ ನೀನು ಪಕ್ಕದಲ್ಲಿ ನಿಲ್ಲುವವನು, ನಿನಗೆ ಸ್ತೋತ್ರ. ನಾವು ಕೊಟ್ಟು ಮರೆತ ಮಾತುಗಳನ್ನ ಕ್ಷಮಿಸು. ದೂರದೇಶದಲ್ಲಿ ಒಬ್ಬರೇ ಮುಪ್ಪು ಕಳೆಯುತ್ತಿರುವ ನಿನ್ನ ಮಕ್ಕಳನ್ನ ಈ ರಾತ್ರಿ ಕಾಪಾಡು. ಅವರ ಬೀದಿಯಲ್ಲಿ ಬಾಗಿಲು ಬಡಿಯುವ ಒಬ್ಬರನ್ನ ಇಡು. ನಮ್ಮನ್ನ ಯಾರ ಬಾಗಿಲಿಗೆ ಕಳಿಸಬೇಕೋ ಅಲ್ಲಿಗೆ ಕಳಿಸು, ತಡವಾಗುವ ಮುಂಚೆಯೇ ಕಳಿಸು. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ, ಆಮೆನ್.