ಸೇವೆ, ಸ್ವಾವಲಂಬನೆ ಮತ್ತು ಬಚ್ಚಲುಮನೆ

ಮನೆಗೆ ಬಂದ ಅತಿಥಿಗಳಿಗೆ ನಾವು ತೋರಿಸುವುದು ನಡುಮನೆಯನ್ನು. ತೀರ ಬೇಕಾದವರಾದರೆ ಅಡುಗೆಮನೆಯನ್ನು, ದೇವರ ಗೂಡನ್ನು. ಬಚ್ಚಲುಮನೆಯ ಬಾಗಿಲನ್ನು ಎಳೆದು ಮುಚ್ಚಿರುತ್ತೇವೆ. ಆದರೆ ಒಂದು ಮನೆ ತನ್ನವರನ್ನು ಹೇಗೆ ನಡೆಸಿಕೊಳ್ಳುತ್ತದೆ ಎಂದು ತಿಳಿಯಬೇಕಾದರೆ ಆ ಬಾಗಿಲನ್ನೇ ತೆರೆದು ನೋಡಬೇಕು. ಮಂಡಿನೋವಿನ ಅಜ್ಜಿ, ಪಾರ್ಶ್ವವಾಯು ಬಡಿದ ತಂದೆ, ಬಾಲ್ಯದಲ್ಲಿ ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡ ಅತ್ತಿಗೆ, ಇವರು ಅಲ್ಲಿಗೆ ಒಬ್ಬರೇ ಹೋಗಿ ಬರಬಲ್ಲರೆ? ಇದು ಕೇವಲ ಗಾರೆ ಕೆಲಸದ ಪ್ರಶ್ನೆಯಲ್ಲ, ಧರ್ಮದ ಪ್ರಶ್ನೆಯೂ ಹೌದು ಎಂಬುದು ನಮ್ಮ ಎಣಿಕೆ.

ಊರಿನ ಹಳೆಯ ಮನೆಗಳಲ್ಲಿ ಬಚ್ಚಲೆಂದರೆ ಹಂಡೆ, ಒಲೆ, ಕುಳಿತು ಮೀಯಲು ಒಂದು ಕಲ್ಲು, ಪಕ್ಕದಲ್ಲಿ ನಿಂತು ಒಬ್ಬರು ನೀರು ಹೊಯ್ಯುವಷ್ಟು ಜಾಗ. ಹಾಗೆಂದು ಹಳೆಯದೆಲ್ಲ ಚೆನ್ನಾಗಿತ್ತೆನ್ನಲಾಗದು. ಶೌಚಕ್ಕೆ ಹಿತ್ತಲು ದಾಟಬೇಕಾಗಿದ್ದ ಕಾಲದಲ್ಲಿ ನಡೆಯಲಾರದವರ ಪಾಡು ಅವರಿಗೇ ಗೊತ್ತು. ಮುಂಬಯಿಗೆ ಬಂದ ನಮ್ಮ ಹಿಂದಿನ ತಲೆಮಾರಿನ ಎಷ್ಟೋ ಮಂದಿಗೆ ಚಾಳಿನ ಕೋಣೆಯ ಮೂಲೆಯ ಮೋರಿಯೇ ಸ್ನಾನದ ಮನೆ; ಸಂಡಾಸು ಮಹಡಿಯ ತುದಿಯಲ್ಲಿ, ಹತ್ತಾರು ಸಂಸಾರಗಳಿಗೆ ಸೇರಿ. ಈಗ ಅನೇಕರಿಗೆ ಎರಡೂ ಮನೆಯೊಳಗೇ ಬಂದಿವೆ. ಆದರೆ ನುಣುಪಾದ ಟೈಲ್ಸು, ಇಕ್ಕಟ್ಟಾದ ಬಾಗಿಲು, ನೀರು ಹೊರಬರದಂತೆ ಎತ್ತರಿಸಿದ ಹೊಸ್ತಿಲು, ಇವೆಲ್ಲ ಗಟ್ಟಿಮುಟ್ಟಾದ ಕಾಲುಗಳನ್ನೇ ಮನಸ್ಸಿನಲ್ಲಿಟ್ಟು ಮಾಡಿದವು.

"ನಾವಿದ್ದೇವಲ್ಲ, ಕೈ ಹಿಡಿದು ಕರೆದೊಯ್ಯುತ್ತೇವೆ" ಎನ್ನುವುದು ನಮ್ಮ ಸಂಸಾರಗಳಲ್ಲಿ ಸಾಮಾನ್ಯ. ಹೆತ್ತವರ ಸೇವೆ ಪುಣ್ಯವೆಂದು ಕೇಳಿಕೊಂಡೇ ಬೆಳೆದವರು ನಾವು. ಆ ಮಾತಿನ ಪ್ರಾಮಾಣಿಕತೆಯನ್ನು ಶಂಕಿಸಬೇಕಾಗಿಲ್ಲ. ಆದರೆ ಸೇವೆ ಪಡೆಯುವವರ ಕಡೆಯಿಂದಲೂ ಒಮ್ಮೆ ನೋಡೋಣ. ರಾತ್ರಿ ಸೊಸೆಯನ್ನು ಎಬ್ಬಿಸಬೇಕಾದೀತೆಂದು ಸಂಜೆಯಿಂದಲೇ ನೀರು ಕುಡಿಯುವುದನ್ನು ಬಿಡುವ ಅತ್ತೆಯರಿದ್ದಾರೆ. ಲೋಕಲ್ ರೈಲಿನಲ್ಲಿ ಮಗ ಬರುವ ತನಕ ತಡೆದುಕೊಂಡು ಕೂರುವ ತಂದೆಯರಿದ್ದಾರೆ. ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ. ಗೋಡೆಗೆ ಒಂದು ಹಿಡಿ ಹಾಕಿಸಿದರೆ ತಪ್ಪುವ ಈ ಸಂಕಟವನ್ನು ಹಾಗೆಯೇ ಉಳಿಸಿಕೊಂಡು, ಅದರ ಮೇಲೆ ನಮ್ಮ ಸೇವೆಯ ಪುಣ್ಯವನ್ನು ಕಟ್ಟಿಕೊಳ್ಳುವುದು ಎಷ್ಟರಮಟ್ಟಿಗೆ ಸರಿ?

ಆಗಬೇಕಾದ ಕೆಲಸಗಳು ದೊಡ್ಡವೇನಲ್ಲ. ಬೀಳುವವರು ಮೊದಲು ಕೈಹಾಕುವುದು ಟವೆಲಿನ ಸರಳಿಗೆ. ಅದು ದೇಹದ ಭಾರ ತಾಳದು. ಭಾರ ತಾಳುವ ಹಿಡಿಯನ್ನೇ ಗಟ್ಟಿ ಗೋಡೆಗೆ ಭದ್ರವಾಗಿ ಬಿಗಿಯಬೇಕು. ಪಾರ್ಶ್ವವಾಯು ಆದವರಿಗೆ ಅದು ಶಕ್ತಿಯಿರುವ ಕೈಯ ಕಡೆ ಇರಬೇಕು. ಕಮೋಡಿನ ಆಸನ 45ರಿಂದ 48 ಸೆಂಟಿಮೀಟರ್ ಎತ್ತರವಿದ್ದರೆ ಮಂಡಿಗೆ ಹಗುರ. ಕುಳಿತು ಮೀಯಲು ಜಾರದ ಕಾಲುಗಳ ಒಂದು ಸ್ಟೂಲು, ಕೈಯಲ್ಲಿ ಹಿಡಿಯುವ ಷವರು, ಒರಟು ಮೈಯ ಟೈಲ್ಸು ಅಥವಾ ರಬ್ಬರ್ ಚಾಪೆ, ರಾತ್ರಿಯಿಡೀ ಉರಿಯುವ ಸಣ್ಣ ದೀಪ. ಬಾಗಿಲು ಹೊರಕ್ಕೆ ತೆರೆಯುವಂತಿರಲಿ; ಒಳಗೆ ಬಿದ್ದವರ ದೇಹವೇ ಬಾಗಿಲಿಗೆ ಅಡ್ಡವಾದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳುವುದು ಹೇಗೆ? ಚಿಲಕವೂ ಹೊರಗಿನಿಂದ ಬಿಚ್ಚುವಂಥದ್ದಾಗಿರಬೇಕು. ಗಾಲಿಕುರ್ಚಿಗೆ 90 ಸೆಂಟಿಮೀಟರ್ ತೆರವು ಬೇಕೆಂದು ಕೇಂದ್ರ ಸರಕಾರದ 2021ರ ಮಾರ್ಗಸೂಚಿ ಹೇಳುತ್ತದೆ. ನಮ್ಮ ಫ್ಲಾಟುಗಳಲ್ಲಿ ಅಷ್ಟು ಸಾಧ್ಯವಾಗದಿದ್ದರೆ ಬಾಗಿಲಲ್ಲಿ ಹಿಡಿಸುವ, ಗಾಲಿಯುಳ್ಳ ಸ್ನಾನದ ಕುರ್ಚಿಯನ್ನಾದರೂ ಹುಡುಕಬಹುದು.

ಆಕ್ಷೇಪಗಳಿಲ್ಲದೆ ಇಲ್ಲ. ಬಾಡಿಗೆ ಮನೆಯವರು ಗೋಡೆ ಕೊರೆಯಲು ಮಾಲಿಕರ ಒಪ್ಪಿಗೆ ಕೇಳಬೇಕು. ಖರ್ಚಿನ ಮಾತೂ ಇದೆ. ಎಲ್ಲಕ್ಕಿಂತ ಕಠಿಣವಾದದ್ದು ಹಿರಿಯರದೇ ಮಾತು: "ಇನ್ನೆಷ್ಟು ದಿನ ಇರ್ತೀನಿ, ನನಗೋಸ್ಕರ ಗೋಡೆ ಯಾಕೆ ಒಡೀತೀರಿ?" ಇದನ್ನು ಅವರ ಇಚ್ಛೆಯೆಂದು ತಿಳಿದು ಸುಮ್ಮನಾಗುವುದು ನಮಗೆ ಅನುಕೂಲ. ಆದರೆ ಅದು ಇಚ್ಛೆಯಲ್ಲ, ಸಂಕೋಚ. ಮೊಮ್ಮಗನ ಓದಿಗೆ ಮೇಜು ಕೊಳ್ಳುವಾಗ ಅವನೆಷ್ಟು ದಿನ ಓದುತ್ತಾನೆಂದು ನಾವು ಲೆಕ್ಕ ಹಾಕಲಿಲ್ಲ. 2016ರ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಸಾರ್ವಜನಿಕ ಕಟ್ಟಡಗಳು ಅಂಥವರಿಗೆ ಸುಗಮವಾಗಿರಬೇಕೆಂದು ವಿಧಿಸಿದೆ. ನಮ್ಮ ಮನೆಯ ಬಚ್ಚಲನ್ನು ನೋಡಲು ಯಾವ ಅಧಿಕಾರಿಯೂ ಬರುವುದಿಲ್ಲ. ಅಲ್ಲಿ ಹೊಣೆ ಪೂರ್ತಿಯಾಗಿ ನಮ್ಮದೇ.

ಹಾಗಾದರೆ ಸ್ವಾವಲಂಬನೆಯೇ ಪರಮಧರ್ಮವೆ? ಹಾಗೆನ್ನಲು ನಮಗೆ ಧೈರ್ಯವಿಲ್ಲ. ಎಷ್ಟು ಹಿಡಿಗಳನ್ನು ಹಾಕಿದರೂ ಇನ್ನೊಬ್ಬರ ಕೈ ಬೇಕೇ ಬೇಕಾದವರು ಇದ್ದಾರೆ. ಅದರಿಂದ ಅವರ ಮಾನವೇನೂ ಕಡಿಮೆಯಾಗದು. ಮೀಯಿಸುವ ಮುನ್ನ ಅವರನ್ನು ಒಂದು ಮಾತು ಕೇಳುವುದು, ಬಾಗಿಲು ಮುಚ್ಚುವುದು, ಮೈಮೇಲೊಂದು ಬಟ್ಟೆ ಹೊದಿಸುವುದು, ಆತುರಪಡಿಸದಿರುವುದು, ಇಂಥವುಗಳಿಂದ ಅದು ಉಳಿಯುತ್ತದೆ. ತಾವೇ ಮಾಡಿಕೊಳ್ಳಬಲ್ಲವರಿಗೆ ಮಾತ್ರ ಆ ಅವಕಾಶವನ್ನು ನಾವು ಕಸಿಯಬಾರದು.

ದೀಪಾವಳಿಯ ಎಣ್ಣೆಸ್ನಾನಕ್ಕೆ ಮೊದಲು ಮನೆಗೆಲ್ಲ ಬಣ್ಣ ಬಳಿಸುವ ವಾಡಿಕೆ ನಮ್ಮಲ್ಲಿದೆ. ಈ ಸಲ ಬಣ್ಣದವನ ಜೊತೆಗೆ ಗಾರೆಯವನನ್ನೂ ಕರೆಸೋಣ. ಹಿಡಿ ಎಲ್ಲಿ ಬೇಕು, ಎಷ್ಟು ಎತ್ತರದಲ್ಲಿ ಬೇಕು ಎಂದು ಅದನ್ನು ಹಿಡಿಯಬೇಕಾದವರನ್ನೇ ಕೇಳಿ ಗುರುತು ಹಾಕಿಸೋಣ.