ಹುಡುಗಿಯ ಪಾಲಿನ ಹೊತ್ತು

ಹೆಣ್ಣುಮಕ್ಕಳ ಬಾಲ್ಯದ ಇತಿಹಾಸವನ್ನು ಕಾಲೇಜಿನ ಸೆಮಿನಾರಿನಲ್ಲಿ ಚರ್ಚೆಗೆ ಎತ್ತಿಕೊಂಡವರು ಒಂದು ಧರ್ಮಪ್ರಶ್ನೆಯನ್ನು ದಾಟಿಯೇ ಮುಂದೆ ಹೋಗಬೇಕು: ಆ ಬಾಲ್ಯ ಇರುವುದು ಯಾತಕ್ಕೆ? ಮುಂದಿನ ಯಾವುದೋ ಗುರಿಗೆ ಸಿದ್ಧತೆಯಾಗಿ ಮಾತ್ರವೇ? ಧರ್ಮಗಳು ಬಹುಪಾಲು ಹೌದೆಂದೇ ಹೇಳಿವೆ. ನಮ್ಮ ಸ್ಮೃತಿಕಾರರು ಎಂಟಕ್ಕೆ ಗೌರಿ, ಒಂಬತ್ತಕ್ಕೆ ರೋಹಿಣಿ, ಹತ್ತಕ್ಕೆ ಕನ್ಯೆ ಎಂದು ಹೆಸರಿಟ್ಟು ಲೆಕ್ಕ ಹಾಕಿದ್ದು ಕನ್ಯಾದಾನದ ಪುಣ್ಯವನ್ನು. ಲ್ಯಾಂಕಷೈರಿನ ಕೋವನ್ ಬ್ರಿಜ್‌ನಲ್ಲಿ 1824ರಲ್ಲಿ ಪಾದ್ರಿಗಳ ಹೆಣ್ಣುಮಕ್ಕಳಿಗೆ ಶಾಲೆ ತೆರೆದ ಕ್ಯಾರಸ್ ವಿಲ್ಸನ್‌ಗೆ ಮಗುವೆಂದರೆ ಪಾಪದಿಂದ ಪಾರುಮಾಡಬೇಕಾದ ಆತ್ಮ. ಅಲ್ಲಿ ಓದುತ್ತಿದ್ದ ಅಕ್ಕತಂಗಿಯರಾದ ಮರಿಯಾ ಮತ್ತು ಎಲಿಜಬೆತ್ ಬ್ರಾಂಟೆ ಕ್ಷಯ ಹಿಡಿದು ಮನೆಗೆ ಮರಳಿ 1825ರಲ್ಲಿ ತೀರಿಕೊಂಡರು. ಒಬ್ಬಳಿಗೆ 11, ಇನ್ನೊಬ್ಬಳಿಗೆ 10 ವರ್ಷ.

ಯಾರ ಸಿದ್ಧತೆಗೂ ಸಲ್ಲದ, ತನ್ನದೇ ಆದ ಒಂದಿಷ್ಟು ಹೊತ್ತು ಹುಡುಗಿಗೆ ನ್ಯಾಯವಾಗಿ ಸಲ್ಲಬೇಕು ಎಂಬುದು ನನ್ನ ವಾದ. ಆ ಹೊತ್ತು ಸಿಕ್ಕರೆ ಏನಾಗುತ್ತದೆಂದು ಆ ಬ್ರಾಂಟೆ ಹುಡುಗಿಯರ ತಂಗಿ ಷಾರ್ಲಟ್ ತೋರಿಸಿದಳು. 1826ರಲ್ಲಿ ಅಪ್ಪ ಲೀಡ್ಸ್‌ನಿಂದ ತಂದ ಮರದ ಸಿಪಾಯಿಗಳ ಸುತ್ತ ಆ ಮನೆಯ ಮಕ್ಕಳು ಒಂದು ಲೋಕವನ್ನೇ ಕಟ್ಟಿದರು. ಷಾರ್ಲಟ್ 1830ರಲ್ಲಿ ಕೈಯಲ್ಲಿ ಬರೆದ ಪತ್ರಿಕೆಗಳು ಬೆಂಕಿಪೊಟ್ಟಣಕ್ಕಿಂತ ದೊಡ್ಡವಲ್ಲ, ಓದಲು ಭೂತಗನ್ನಡಿ ಬೇಕು. ಅದೇ ಲೀಡ್ಸ್‌ನಲ್ಲಿ ಎಲಿಜಬೆತ್ ಬೆಂಟ್ಲಿ ಎಂಬ ಹುಡುಗಿ ಆರನೇ ವಯಸ್ಸಿಗೇ ಅಗಸೆನಾರಿನ ಗಿರಣಿ ಸೇರಿದ್ದಳು. ನೂಲು ತುಂಬಿದ ಬಾಬಿನ್ ತೆಗೆದು ಖಾಲಿಯದನ್ನು ಇಡುವುದು ಅವಳ ಕೆಲಸ. ಕೆಲಸ ಜೋರಿದ್ದಾಗ ಬೆಳಗಿನ 5ರಿಂದ ರಾತ್ರಿ 9ರವರೆಗೆ, ನಡುವೆ ಊಟಕ್ಕೆ 40 ನಿಮಿಷ. 23ರ ಹರೆಯದಲ್ಲಿ, 1832ರಲ್ಲಿ, ಗಿರಣಿ ಮಕ್ಕಳ ದುಡಿಮೆಯನ್ನು ವಿಚಾರಿಸುತ್ತಿದ್ದ ಪಾರ್ಲಿಮೆಂಟಿನ ಸ್ಯಾಡ್ಲರ್ ಸಮಿತಿಯ ಮುಂದೆ ಅವಳು ಇದನ್ನೆಲ್ಲ ಹೇಳುವಷ್ಟರಲ್ಲಿ ಮೈಯ ಮೂಳೆಗಳು ಸೊಟ್ಟಗಾಗಿದ್ದವು. ಮನೆಯಲ್ಲಿ ಗಡಿಯಾರ ಇರಲಿಲ್ಲವಂತೆ. ಕಲ್ಲಿದ್ದಲು ಗಣಿಗೆ ಹೊರಟವರ ಸದ್ದು ಕೇಳಿದರೆ ಅವಳ ಅಮ್ಮ ಬೆಚ್ಚಗಿನ ಹಾಸಿಗೆ ಬಿಟ್ಟೆದ್ದು ಹೊರಗೆ ಹೋಗಿ ಗಂಟೆ ಎಷ್ಟೆಂದು ಕೇಳಿಬರುತ್ತಿದ್ದಳು. ಮಗಳ ಹೊತ್ತು ಗಿರಣಿಯದ್ದು. ಅದನ್ನು ಕಾಯುವ ಕೆಲಸ ಅಮ್ಮನ ಪಾಲಿಗೆ.

ಇಂದಿನ ಅಳತೆಗೋಲಿನಿಂದ ಅಂದಿನವರನ್ನು ಅಳೆಯುವುದು ಸರಿಯೇ ಎಂಬ ಆಕ್ಷೇಪವಿದೆ. ಆ ಅಳತೆಗೋಲು ಅಂದೇ ಅಲ್ಲೇ ಇತ್ತು: ರಿಚರ್ಡ್ ಓಸ್ಟ್ಲರ್ 1830ರಲ್ಲೇ ಲೀಡ್ಸ್‌ನ ಪತ್ರಿಕೆಗೆ ಬರೆದು ಗಿರಣಿಗಳಲ್ಲಿ ಮಕ್ಕಳನ್ನು ದುಡಿಸುವುದನ್ನು ಯಾರ್ಕ್‌ಷೈರಿನ ಗುಲಾಮಗಿರಿ ಎಂದು ಕರೆದಿದ್ದ. ಅವನೂ ಬೈಬಲ್ ನಂಬಿದವನೇ, ಸಮಿತಿಯ ಮುಖ್ಯಸ್ಥ ಸ್ಯಾಡ್ಲರನೂ ಅಷ್ಟೇ. ಆದ್ದರಿಂದ ತಪ್ಪನ್ನೆಲ್ಲ ಧರ್ಮದ ತಲೆಗೆ ಕಟ್ಟುವಂತಿಲ್ಲ. ಬಡವರ ಮನೆಗೆ ಆ ಕೂಲಿ ಬೇಕಿತ್ತು ಎನ್ನುವ ಮಾತು ಇನ್ನೂ ತೂಕದ್ದು. ಬೇಕಿದ್ದದ್ದು ನಿಜ. ಆದರೆ ಆ ಕೊರತೆಗೆ ಕಾರಣ ದೊಡ್ಡವರಿಗೆ ಸಿಗುತ್ತಿದ್ದ ಕಡಿಮೆ ಕೂಲಿ. ಆರು ವರ್ಷದ ಮಗು ಅದಕ್ಕೆ ಜಾಮೀನಾಗಬೇಕಿರಲಿಲ್ಲ. 1833ರ ಕಾರ್ಖಾನೆ ಕಾಯ್ದೆ ಬಹುತೇಕ ಬಟ್ಟೆ ಗಿರಣಿಗಳಲ್ಲಿ 9 ತುಂಬದವರ ದುಡಿಮೆಯನ್ನು ನಿಲ್ಲಿಸಿತು, ಅದಕ್ಕಿಂತ ತುಸು ದೊಡ್ಡ ಮಕ್ಕಳಿಗೆ ವಾರಕ್ಕೆ 48 ಗಂಟೆಯ ಮಿತಿ ಹಾಕಿತು, ದಿನಕ್ಕೆ 2 ಗಂಟೆ ಪಾಠ ಕಡ್ಡಾಯ ಮಾಡಿತು. ಅಕ್ಷರ ಬೇಕೇ ಬೇಕಿತ್ತು. ಆದರೆ ಉಳಿದ ಹೊತ್ತಿನಲ್ಲಿ ನೀರು ಹೊರುವುದು, ತಮ್ಮತಂಗಿಯರನ್ನು ಎತ್ತಿಕೊಳ್ಳುವುದು ಹುಡುಗಿಗೇ ಬಿತ್ತು, ಅವಳ ಅಣ್ಣನಿಗಲ್ಲ. ಕಾಯ್ದೆ ನೇಮಿಸಿದ ಇನ್ಸ್‌ಪೆಕ್ಟರುಗಳ ಅಧಿಕಾರ ಗಿರಣಿಯ ಬಾಗಿಲಲ್ಲೇ ಮುಗಿಯುತ್ತಿತ್ತು.